ಸಣ್ಣ ಊರುಗಳ ಕುಡಿಯುವ ನೀರು ಮತ್ತು ಅದನ್ನು ನಡೆಸುವವರ ಶಿಕ್ಷಣ: ವಾಕರ್ಟನ್ ದುರಂತದ ಚರಿತ್ರೆಯಿಂದ ಕೆಲವು ವಿಚಾರಗಳು

೧

ಕುಡಿಯುವ ನೀರಿನ ಪೂರೈಕೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮೂರು ವರ್ಗದ ಜನರನ್ನು ಕುರಿತು ಬರೆದಿದ್ದಾರೆ. ಜಲಾಶಯಗಳನ್ನೂ ಕಾಲುವೆಗಳನ್ನೂ ನಿರ್ಮಿಸಿದ ಅರಸರು ಮತ್ತು ಎಂಜಿನಿಯರುಗಳು ಮೊದಲನೆಯವರು. ನೀರಿಗೂ ರೋಗಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದ ವೈದ್ಯರು ಮತ್ತು ವಿಜ್ಞಾನಿಗಳು ಎರಡನೆಯವರು. ಶಾಸನಗಳನ್ನು ರಚಿಸಿದ ಆಡಳಿತಗಾರರು ಮೂರನೆಯವರು. ಪ್ರತಿದಿನ ಬೆಳಗ್ಗೆ ಪಂಪಿನ ಮನೆಯ ಬಾಗಿಲನ್ನು ತೆರೆದು, ಮೋಟಾರನ್ನು ನಡೆಸಿ, ಔಷಧಿಯ ಪ್ರಮಾಣವನ್ನು ನೋಡಿ, ದಿನಚರಿಯ ಹಾಳೆಯಲ್ಲಿ ಒಂದು ಅಂಕಿಯನ್ನು ಗುರುತು ಹಾಕಿ ಹೋಗುವ ನೌಕರನ ವಿಷಯವಾಗಿ ಈ ಚರಿತ್ರೆಗಳು ಮೌನವಾಗಿವೆ. ಅಂತೆಯೇ ತಿಂಗಳಿಗೊಮ್ಮೆ ಸಭೆ ಸೇರಿ ನೀರಿನ ದರವನ್ನೂ ಖರ್ಚುವೆಚ್ಚವನ್ನೂ ಒಪ್ಪಿಕೊಳ್ಳುವ ಊರಿನ ಮಂಡಲಿಯ ಸದಸ್ಯರ ವಿಷಯದಲ್ಲಿಯೂ ಇವು ಏನನ್ನೂ ಹೇಳುವುದಿಲ್ಲ. ಆದರೆ ನೀರು ಮನೆಯ ನಲ್ಲಿಗೆ ಬರುವಷ್ಟರಲ್ಲಿ ಅದು ಅಮೃತವೋ ವಿಷವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಎರಡು ಸ್ಥಾನಗಳಲ್ಲಿಯೇ.

ದೊಡ್ಡ ನಗರಗಳಲ್ಲಿ ನೀರನ್ನು ಶುದ್ಧೀಕರಿಸುವ ಕಾರ್ಯಕ್ಕೆ ರಸಾಯನಶಾಸ್ತ್ರಜ್ಞರೂ ಎಂಜಿನಿಯರುಗಳೂ ಪ್ರಯೋಗಶಾಲೆಗಳೂ ಇರುತ್ತವೆ. ಕೆಲವೇ ಸಾವಿರ ಜನಸಂಖ್ಯೆಯ ಊರಿನಲ್ಲಿ ಈ ಅನುಕೂಲಗಳಿರುವುದಿಲ್ಲ. ಅಲ್ಲಿ ಒಬ್ಬನೋ ಇಬ್ಬರೋ ನೌಕರರು ಕೊಳವೆ ಒಡೆದರೆ ದುರಸ್ತಿ ಮಾಡುವವರೂ, ಮೀಟರು ನೋಡುವವರೂ, ಔಷಧಿ ಬೆರೆಸುವವರೂ ಆಗಿರುತ್ತಾರೆ. ಇಂಥವರಿಗೆ ಯಾವ ಶಿಕ್ಷಣ ದೊರೆಯಿತು, ಅವರ ಮೇಲ್ವಿಚಾರಣೆ ನಡೆಸಬೇಕಾದ ಮಂಡಲಿಯವರಿಗೆ ಯಾವ ತಿಳಿವಳಿಕೆ ಇದ್ದಿತು, ಇವೆರಡರ ಕೊರತೆಯಿಂದ ಏನು ಸಂಭವಿಸಿತು ಎಂಬುದನ್ನು ಕೆನಡಾ ದೇಶದ ಒಂಟಾರಿಯೋ ಪ್ರಾಂತದ ವಾಕರ್ಟನ್ ಎಂಬ ಊರಿನ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಈ ನಿದರ್ಶನವನ್ನು ಆರಿಸಿಕೊಳ್ಳಲು ಕಾರಣವುಂಟು. ೨೦೦೦ದ ಮೇ ತಿಂಗಳಲ್ಲಿ ಅಲ್ಲಿ ನಡೆದ ದುರಂತವನ್ನು ಕುರಿತು ನ್ಯಾಯಾಂಗ ವಿಚಾರಣೆಯೊಂದು ವಿಸ್ತಾರವಾಗಿ ನಡೆಯಿತು. ಸಣ್ಣ ಊರೊಂದರ ನೀರಿನ ವ್ಯವಸ್ಥೆಯ ಒಳಗನ್ನು ಇಷ್ಟು ಸ್ಪಷ್ಟವಾಗಿ ತೆರೆದು ತೋರಿಸುವ ದಾಖಲೆಗಳು ವಿರಳ.

೨

ನೀರಿನ ನಿರ್ವಾಹಕನಿಗೆ ಶಿಕ್ಷಣವೇಕೆ ಎಂಬ ಪ್ರಶ್ನೆ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯ ಪಂಪಿಗೂ ಕಾಲರಾ ಸಾವುಗಳಿಗೂ ಇದ್ದ ಸಂಬಂಧವನ್ನು ಜಾನ್ ಸ್ನೋ ತೋರಿಸಿಕೊಟ್ಟ ಬಳಿಕ, ನೀರನ್ನು ಮರಳಿನ ಮೂಲಕ ಸೋಸುವ ಪದ್ಧತಿಗೆ ಹೆಚ್ಚಿನ ಮಾನ್ಯತೆ ದೊರೆಯಿತು. ಮರಳಿನ ಸೋಸುವಿಕೆ ನಿಧಾನವಾದ ಕ್ರಿಯೆ. ಅದನ್ನು ಒಮ್ಮೆ ಸರಿಯಾಗಿ ಕಟ್ಟಿದರೆ ದಿನದಿನದ ಲೆಕ್ಕಾಚಾರ ಅಷ್ಟಾಗಿ ಬೇಕಾಗುತ್ತಿರಲಿಲ್ಲ. ೧೯೦೮ರಲ್ಲಿ ಅಮೆರಿಕದ ಜರ್ಸಿ ನಗರದ ನೀರಿಗೆ ಡಾಕ್ಟರ್ ಜಾನ್ ಲೀಲ್ ಅವರ ಪ್ರಯತ್ನದಿಂದ ಕ್ಲೋರಿನ್ ಬೆರೆಸುವ ಕಾರ್ಯ ಸತತವಾಗಿ ಪ್ರಾರಂಭವಾದಾಗ ಪರಿಸ್ಥಿತಿ ಬದಲಾಯಿತು. ಅತಿ ಸ್ವಲ್ಪ ವೆಚ್ಚದಲ್ಲಿ ವಿಷಮಜ್ವರವನ್ನು ತಡೆಯಬಲ್ಲ ಸಾಧನವೊಂದು ಊರುಗಳಿಗೆ ದೊರೆಯಿತಾದರೂ, ಅದನ್ನು ಪ್ರತಿದಿನವೂ ಸರಿಯಾದ ಪ್ರಮಾಣದಲ್ಲಿ ಹಾಕಬೇಕೆಂಬ ಹೊಣೆ ಅದರೊಡನೆಯೇ ಬಂದಿತು.

ಆ ಪ್ರಮಾಣವೆಷ್ಟು? ಇದಕ್ಕೆ ಒಂದೇ ಉತ್ತರವಿಲ್ಲ. ನೀರಿನಲ್ಲಿರುವ ಕೊಳೆ, ಸಸ್ಯಾಂಶ, ಕಬ್ಬಿಣವೇ ಮುಂತಾದ ವಸ್ತುಗಳು ಕ್ಲೋರಿನ್ನಿನ ಒಂದು ಪಾಲನ್ನು ತಿಂದುಹಾಕುತ್ತವೆ. ಇವುಗಳಿಗೆ ಸಂದು ಉಳಿದ ಪಾಲು ಮಾತ್ರವೇ ರೋಗಾಣುಗಳಿಂದ ನೀರನ್ನು ಮುಂದೆಯೂ ಕಾಯಬಲ್ಲದು. ೧೯೧೯ರಲ್ಲಿ ಮೇರಿಲ್ಯಾಂಡಿನ ಏಬಲ್ ವೋಲ್ಮನ್ ಮತ್ತು ಲಿನ್ ಎನ್ಸ್‌ಲೋ ಎಂಬವರು ಈ ವಿಷಯವನ್ನು ಶಾಸ್ತ್ರೀಯವಾಗಿ ವಿವರಿಸಿ, ಎಷ್ಟು ಹಾಕಿದೆವೆಂಬುದಕ್ಕಿಂತ ಎಷ್ಟು ಉಳಿದಿದೆ ಎಂಬುದನ್ನು ಅಳೆಯುವುದೇ ಮುಖ್ಯವೆಂದು ತೋರಿಸಿದರು. ಹೀಗೆ ಉಳಿದುದಕ್ಕೆ ಶೇಷ ಕ್ಲೋರಿನ್ ಎಂದು ಹೆಸರು. ಶೇಷವು ಇದ್ದಕ್ಕಿದ್ದಂತೆ ಕುಗ್ಗಿದರೆ ನೀರಿನೊಳಗೆ ಹೊಸದೇನೋ ಬಂದು ಸೇರಿದೆ ಎಂದೇ ಅರ್ಥ. ಆದುದರಿಂದ ಶೇಷದ ಅಂಕಿಯು ಕೇವಲ ಲೆಕ್ಕದ ಅಂಕಿಯಲ್ಲ; ಅದೊಂದು ಮುನ್ನೆಚ್ಚರಿಕೆ. ಇಡೀ ಲೇಖನದಲ್ಲಿ ವಾಚಕರು ನೆನಪಿನಲ್ಲಿಡಬೇಕಾದ ತಾಂತ್ರಿಕ ವಿಷಯ ಇದೊಂದೇ.

ಇಂಥ ಕೆಲಸವನ್ನು ಬಲ್ಲವರೇ ಮಾಡಬೇಕೆಂಬ ಅಭಿಪ್ರಾಯ ಬಲಗೊಂಡು, ೧೯೧೮ರಲ್ಲಿ ನ್ಯೂಜರ್ಸಿ ಸಂಸ್ಥಾನವು ನೀರಿನ ನಿರ್ವಾಹಕರಿಗೆ ಅರ್ಹತಾಪತ್ರವಿರತಕ್ಕದ್ದೆಂದು ವಿಧಿಸಿತು. ಇತರ ಪ್ರಾಂತಗಳು ಒಂದೊಂದಾಗಿ ಈ ಹಾದಿಯನ್ನು ಹಿಡಿದವು. ಆದರೆ ಸಣ್ಣ ಊರುಗಳಲ್ಲಿ ಬಹುಕಾಲದವರೆಗೂ ಹಿರಿಯ ನೌಕರನಿಂದ ಕಿರಿಯ ನೌಕರನು ಕೆಲಸ ಮಾಡುತ್ತಲೇ ಕಲಿಯುವ ಪದ್ಧತಿಯೇ ಉಳಿದುಬಂದಿತು. ಈ ಪದ್ಧತಿ ಹೀನವಾದುದೆಂದು ಹೇಳಲಾಗದು. ಕೈಕಸುಬುಗಳೆಲ್ಲ ಹೀಗೆಯೇ ಉಳಿದುಬಂದಿವೆ. ಅದರ ಕೊರತೆ ಬೇರೆ. ಹಿರಿಯನ ಕೌಶಲ ಕಿರಿಯನಿಗೆ ಬರುವಂತೆ ಅವನ ಅಜ್ಞಾನವೂ ಬರುತ್ತದೆ. ಮಡಕೆ ಒಡೆದರೆ ಕುಂಬಾರನಿಗೆ ತನ್ನ ತಪ್ಪು ಒಡನೆಯೇ ತಿಳಿಯುತ್ತದೆ. ನೀರಿನ ವಿಷಯದಲ್ಲಿ ತಪ್ಪು ಮಾಡಿದವನಿಗೆ ಅದು ವರ್ಷಾನುಗಟ್ಟಲೆ ತಿಳಿಯದೇ ಹೋಗಬಹುದು. ಏಕೆಂದರೆ ಹೆಚ್ಚಿನ ದಿನಗಳಲ್ಲಿ ಬಾವಿಯ ನೀರು ತಾನಾಗಿಯೇ ಶುದ್ಧವಾಗಿರುತ್ತದೆ.

೩

ವಾಕರ್ಟನ್ ಬೇಸಾಯದ ಸೀಮೆಯ ನಡುವೆ ಇರುವ ಊರು. ದುರಂತದ ಕಾಲಕ್ಕೆ ಅದರ ಜನಸಂಖ್ಯೆ ಸುಮಾರು ೪,೮೦೦. ಊರಿನ ನೀರನ್ನು ಸಾರ್ವಜನಿಕ ಸೌಕರ್ಯಗಳ ಮಂಡಲಿಯೊಂದು ಕೊಳವೆ ಬಾವಿಗಳಿಂದ ಒದಗಿಸುತ್ತಿದ್ದಿತು. ೧೯೭೮ರಲ್ಲಿ ತೋಡಿದ ಐದನೆಯ ಬಾವಿ ಬಹಳ ಆಳವಿಲ್ಲದ್ದು. ಅದರ ನೀರು ನೆಲದಿಂದ ಸುಮಾರು ೫.೫ ಮೀಟರಿನಿಂದ ೭.೪ ಮೀಟರಿನವರೆಗಿನ ಬಿರುಕುಬಿಟ್ಟ ಕಲ್ಲಿನ ಪದರದಿಂದ ಬರುತ್ತಿದ್ದಿತು. ಸುತ್ತಲೂ ಹೊಲಗಳು; ಹೊಲಗಳಿಗೆ ಹಾಕುವ ದನದ ಗೊಬ್ಬರ. ಮೇಲಿನ ನೀರು ಬಾವಿಗೆ ಇಳಿಯಬಹುದೆಂಬ ಸಂದೇಹ ಬಾವಿಯನ್ನು ತೋಡಿದಾಗಲೇ ತಜ್ಞರಿಗಿದ್ದಿತು. ಆದರೂ ಪ್ರಾಂತದ ಪರಿಸರ ಖಾತೆಯವರು ವಿಶೇಷ ನಿರ್ಬಂಧಗಳನ್ನು ಹಾಕದೆ ಅದಕ್ಕೆ ಒಪ್ಪಿಗೆ ಕೊಟ್ಟರು. ಮೇಲ್ಮೈಯ ನೀರಿನ ಪ್ರಭಾವಕ್ಕೆ ಒಳಗಾದ ಬಾವಿಗಳಲ್ಲಿ ಶೇಷ ಕ್ಲೋರಿನ್ನನ್ನು ಸತತವಾಗಿ ಅಳೆಯುವ ಯಂತ್ರವಿರಬೇಕೆಂದು ೧೯೯೪ರಲ್ಲಿ ನಿಯಮವನ್ನು ತಿದ್ದಿದರೂ, ಹಳೆಯ ಬಾವಿಗಳನ್ನು ಹುಡುಕಿ ಆ ನಿಯಮವನ್ನು ಅನ್ವಯಿಸುವ ಕೆಲಸ ನಡೆಯಲಿಲ್ಲ.

ಮಂಡಲಿಯ ವ್ಯವಸ್ಥಾಪಕರಾಗಿದ್ದ ಸ್ಟಾನ್ ಕೋಬೆಲ್ ೧೯೭೨ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದವರು; ೧೯೮೮ರಲ್ಲಿ ವ್ಯವಸ್ಥಾಪಕರಾದರು. ಅವರ ತಮ್ಮನೇ ಮೇಸ್ತ್ರಿ. ಅವರ ತಂದೆಯೂ ಅದೇ ಮಂಡಲಿಯಲ್ಲಿ ದುಡಿದವರು. ಒಂಟಾರಿಯೋದಲ್ಲಿ ನಿರ್ವಾಹಕರ ಅರ್ಹತಾಪತ್ರದ ವ್ಯವಸ್ಥೆ ೧೯೮೭ರಲ್ಲಿ ಐಚ್ಛಿಕವಾಗಿ ಪ್ರಾರಂಭವಾಗಿ ೧೯೯೩ರಲ್ಲಿ ಕಡ್ಡಾಯವಾಯಿತು. ಆದರೆ ಆಗಲೇ ಕೆಲಸದಲ್ಲಿದ್ದವರಿಗೆ ಅನುಭವವನ್ನೇ ಅರ್ಹತೆಯೆಂದು ಪರಿಗಣಿಸಿ, ಯಾವ ಪರೀಕ್ಷೆಯನ್ನೂ ನಡೆಸದೆ ಪತ್ರವನ್ನು ಕೊಡುವ ಅವಕಾಶವನ್ನು ಇಟ್ಟಿದ್ದರು. ಸೋದರರಿಬ್ಬರೂ ಹೀಗೆಯೇ ಪತ್ರವನ್ನು ಪಡೆದರು. ವರ್ಷಕ್ಕೆ ೪೦ ಗಂಟೆಗಳ ತರಬೇತಿಯಾಗಬೇಕೆಂಬ ನಿಯಮವಿದ್ದರೂ, ಆ ಗಂಟೆಗಳಲ್ಲಿ ಏನನ್ನು ಕಲಿಸಬೇಕೆಂಬುದನ್ನು ಯಾರೂ ಬಿಗಿಯಾಗಿ ನೋಡುತ್ತಿರಲಿಲ್ಲ.

ಇಲ್ಲಿ ಗಮನಾರ್ಹವಾದುದು ಅರ್ಹತಾಪತ್ರದ ದ್ವಿಮುಖ ಸ್ವಭಾವ. ಪತ್ರವಿಲ್ಲದ ನೌಕರನನ್ನು ಊರಿನವರು ಸಂದೇಹದಿಂದ ನೋಡಿ, ಬಲ್ಲವರ ಸಲಹೆಯನ್ನು ಕೇಳಬಹುದು. ಪತ್ರ ಇದ್ದವನನ್ನು ಯಾರೂ ಪ್ರಶ್ನಿಸುವುದಿಲ್ಲ. ಕಲಿಕೆಯಿಲ್ಲದೆ ಕೊಟ್ಟ ಪತ್ರವು ಅಜ್ಞಾನವನ್ನು ಹೋಗಲಾಡಿಸುವುದಿಲ್ಲ. ಅಧಿಕೃತ ಮೊಹರು ಹಾಕಿ ಅದನ್ನು ಮರೆಮಾಡುತ್ತದೆ. ೧೯೯೩ರ ನಿಯಮವನ್ನು ಮಾಡಿದವರ ಉದ್ದೇಶ ಒಳ್ಳೆಯದೇ ಆಗಿದ್ದಿತು. ಹಳಬರ ಜೀವನೋಪಾಯಕ್ಕೆ ಧಕ್ಕೆಯಾಗಬಾರದೆಂಬುದೂ ನ್ಯಾಯವಾದ ಕಾಳಜಿಯೇ. ಆದರೆ ಕೆಲಸವನ್ನು ಉಳಿಸಿಕೊಡುವುದಕ್ಕೂ ಕಲಿಕೆಯಿಂದ ವಿನಾಯಿತಿ ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ಗಮನಿಸಲಿಲ್ಲ.

೪

ಕಲಿಕೆಯ ಈ ಕೊರತೆ ದಿನದಿನದ ಕೆಲಸದಲ್ಲಿ ಯಾವ ರೂಪವನ್ನು ತಾಳಿದ್ದಿತೆಂಬುದು ವಿಚಾರಣೆಯಲ್ಲಿ ಬೆಳಕಿಗೆ ಬಂದಿತು. ಹದಿನೈದು ನಿಮಿಷಗಳ ಸಂಪರ್ಕದ ಬಳಿಕ ಲೀಟರಿಗೆ ೦.೫ ಮಿಲಿಗ್ರಾಮ್ ಶೇಷ ಕ್ಲೋರಿನ್ ಇರಬೇಕೆಂಬುದು ಪ್ರಾಂತದ ಗೊತ್ತುಪಾಡು. ವಾಕರ್ಟನ್ನಿನಲ್ಲಿ ನಿಗದಿಗಿಂತ ಕಡಿಮೆ ಕ್ಲೋರಿನ್ ಹಾಕುತ್ತಿದ್ದರು; ಹೆಚ್ಚಿನ ದಿನಗಳಲ್ಲಿ ಶೇಷವನ್ನು ಅಳೆಯುತ್ತಲೇ ಇರಲಿಲ್ಲ. ದಿನಚರಿಯ ಹಾಳೆಗಳಲ್ಲಿ ಮಾತ್ರ ೦.೫ ಅಥವಾ ೦.೭೫ ಎಂಬ ಅಂಕಿಗಳು ತಪ್ಪದೆ ಬೀಳುತ್ತಿದ್ದವು. ಪರೀಕ್ಷೆಗೆಂದು ಕಳುಹಿಸುವ ನೀರಿನ ಮಾದರಿಗಳನ್ನು ಅನುಕೂಲವಾದ ಸ್ಥಳದಲ್ಲಿ ತುಂಬಿ, ಬೇರೆ ಸ್ಥಳದ ಹೆಸರನ್ನು ಬರೆಯುವ ರೂಢಿಯೂ ಇದ್ದಿತು.

ಇವರು ಊರಿಗೆ ಕೇಡು ಬಗೆದವರಲ್ಲ. ಸಂಸ್ಕರಿಸದ ಬಾವಿಯ ನೀರು ಸಂಪೂರ್ಣ ನಿರಪಾಯವೆಂದೇ ಅವರ ನಂಬಿಕೆ. ತಾವೂ ಅದನ್ನು ಕುಡಿಯುತ್ತಿದ್ದರು. ಊರಿನ ಕೆಲವರು ನೀರಿನಲ್ಲಿ ಕ್ಲೋರಿನ್ನಿನ ರುಚಿ ಹೆಚ್ಚೆಂದು ದೂರುತ್ತಿದ್ದುದೂ ಉಂಟು. ಹೀಗಿರಲು, ಕ್ಲೋರಿನ್ ಹಾಕುವುದು ಮತ್ತು ಅಳೆಯುವುದು ಮೇಲಿನವರ ತೃಪ್ತಿಗಾಗಿ ನಡೆಸುವ ಒಂದು ಶಾಸ್ತ್ರವೆಂದು ಅವರಿಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಅರ್ಥವನ್ನು ತಿಳಿಯದ ವಿಧಿಯನ್ನು ಮನುಷ್ಯನು ಬಹುಕಾಲ ನಿಷ್ಠೆಯಿಂದ ಆಚರಿಸಲಾರ. ಮೊದಲು ಬೇಸರ ಬರುತ್ತದೆ, ಬೇಸರದಿಂದ ಉಪೇಕ್ಷೆ, ಉಪೇಕ್ಷೆಯನ್ನು ಮುಚ್ಚಿಕೊಳ್ಳಲು ಸುಳ್ಳು ಲೆಕ್ಕ. ಸುಳ್ಳಿಗೆ ಶಿಕ್ಷಣವು ಪರಿಹಾರವಲ್ಲವೆಂದು ಕೆಲವರು ವಾದಿಸಬಹುದು. ಅದರಲ್ಲಿ ಸತ್ಯಾಂಶವಿದೆ. ಆದರೆ ಈ ಸುಳ್ಳು ಹುಟ್ಟಿದ ನೆಲ ಯಾವುದೆಂಬುದನ್ನು ನೋಡಿದರೆ, ಶೇಷದ ಅಂಕಿ ಏನನ್ನು ಹೇಳುತ್ತದೆಂಬುದನ್ನು ನಿಜವಾಗಿ ತಿಳಿದವನ ಕೈ ಆ ಅಂಕಿಯನ್ನು ಕಲ್ಪಿಸಿ ಬರೆಯಲು ಅಷ್ಟು ಸುಲಭವಾಗಿ ಮುಂದಾಗುತ್ತಿರಲಿಲ್ಲವೆಂದು ಒಪ್ಪಬೇಕಾಗುತ್ತದೆ.

ಇನ್ನು ಮಂಡಲಿಯ ಸದಸ್ಯರ ವಿಷಯ. ಇವರು ಊರಿನ ಗೌರವಸ್ಥರು. ತಮ್ಮ ತಮ್ಮ ಉದ್ಯೋಗಗಳ ನಡುವೆ ಊರಿನ ಕೆಲಸಕ್ಕೆ ಬಿಡುವು ಮಾಡಿಕೊಂಡವರು. ಆಯವ್ಯಯದ ವಿಷಯದಲ್ಲಿ ಅವರು ಎಚ್ಚರಿಕೆಯಿಂದ ಇದ್ದರು. ನೀರಿನ ನಿರಪಾಯತೆಯ ವಿಷಯದಲ್ಲಿ ಮಾತ್ರ ಅವರಿಗೆ ಹೆಚ್ಚು ತಿಳಿದಿರಲಿಲ್ಲ. ಎಲ್ಲವನ್ನೂ ವ್ಯವಸ್ಥಾಪಕರಿಗೇ ಬಿಟ್ಟಿದ್ದರು. ೧೯೯೮ರಲ್ಲಿ ಪರಿಸರ ಖಾತೆಯ ತನಿಖೆಯ ವರದಿಯೊಂದು ಮಂಡಲಿಗೆ ಬಂದಿತು. ಸಂಸ್ಕರಿಸಿದ ನೀರಿನ ಮಾದರಿಗಳಲ್ಲಿ ಈ. ಕೋಲೈ ಜೀವಾಣು ಕಂಡುಬಂದಿದೆ, ಶೇಷ ಕ್ಲೋರಿನ್ ಗೊತ್ತುಪಾಡಿಗಿಂತ ಕಡಿಮೆಯಿದೆ, ಬೇಕಾದಷ್ಟು ಮಾದರಿಗಳನ್ನು ಪರೀಕ್ಷೆಗೆ ಕಳುಹಿಸುತ್ತಿಲ್ಲ, ತರಬೇತಿಯ ದಾಖಲೆಗಳು ಸರಿಯಾಗಿಲ್ಲ ಎಂಬ ಸಂಗತಿಗಳು ಅದರಲ್ಲಿದ್ದವು. ಎಲ್ಲವನ್ನೂ ಸರಿಪಡಿಸುವುದಾಗಿ ವ್ಯವಸ್ಥಾಪಕರು ಆಶ್ವಾಸನೆಯಿತ್ತರು. ಸದಸ್ಯರು ಅದನ್ನು ನಂಬಿದರು. ಹೇಗೆ ಸರಿಪಡಿಸುತ್ತೀರಿ, ಯಾವಾಗ, ಸರಿಯಾಯಿತೆಂಬುದಕ್ಕೆ ಸಾಕ್ಷ್ಯವೇನು ಎಂದು ಕೇಳಿದವರಿಲ್ಲ. ಖಾತೆಯವರೂ ಮತ್ತೆ ಬಂದು ನೋಡಲಿಲ್ಲ.

ಸದಸ್ಯರು ರಸಾಯನಶಾಸ್ತ್ರವನ್ನು ಓದಬೇಕಾಗಿರಲಿಲ್ಲ. ಮಳೆಗಾಲದಲ್ಲಿಯೂ ಬೇಸಗೆಯಲ್ಲಿಯೂ ಒಂದೇ ಸಮನಾಗಿ ಬರುವ ೦.೭೫ ಎಂಬ ಅಂಕಿ ಪ್ರಕೃತಿಗೆ ವಿರುದ್ಧವಾದುದೆಂಬ ಒಂದು ಸಂಗತಿ ತಿಳಿದಿದ್ದರೆ ಸಾಕಾಗಿತ್ತು. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕೆಂಬ ಕಲ್ಪನೆಯೇ ಆಗ ಅಲ್ಲಿ ಇರಲಿಲ್ಲ.

೫

೨೦೦೦ದ ಮೇ ೮ರಿಂದ ೧೨ರವರೆಗೆ ವಾಕರ್ಟನ್ನಿನಲ್ಲಿ ೧೩೪ ಮಿಲಿಮೀಟರ್ ಮಳೆ ಬಿದ್ದಿತು. ಐದನೆಯ ಬಾವಿಯ ಸಮೀಪದ ಹೊಲಕ್ಕೆ ಹಾಕಿದ್ದ ಗೊಬ್ಬರದಿಂದ ಈ. ಕೋಲೈ ಓ೧೫೭:ಎಚ್೭ ಮತ್ತು ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಮೇ ೧೨ರ ಸುಮಾರಿಗೆ ಬಾವಿಯನ್ನು ಸೇರಿದವು. ಹೊಲದ ಒಡೆಯನು ಒಪ್ಪಿತವಾದ ಕ್ರಮದಲ್ಲಿಯೇ ಗೊಬ್ಬರ ಹಾಕಿದ್ದನಾದುದರಿಂದ ವಿಚಾರಣೆ ಅವನಲ್ಲಿ ದೋಷವನ್ನು ಕಾಣಲಿಲ್ಲ. ಬಂದ ಕೊಳೆಯು ಬಾವಿಯಲ್ಲಿದ್ದ ಅಲ್ಪ ಕ್ಲೋರಿನ್ನನ್ನು ತಿಂದುಹಾಕಿತು. ಆ ದಿನಗಳಲ್ಲಿ ಶೇಷವನ್ನು ಅಳೆದಿದ್ದರೆ ಅದು ಶೂನ್ಯಕ್ಕೆ ಇಳಿದಿರುವುದು ಕಾಣುತ್ತಿದ್ದಿತು. ಅಳೆಯಲಿಲ್ಲ, ಎಂದಿನ ಅಂಕಿಯೇ ಹಾಳೆಯಲ್ಲಿ ಬಿದ್ದಿತು. ಅನಂತರ ಮೇ ೧೫ರಿಂದ ೧೯ರವರೆಗೆ ಏಳನೆಯ ಬಾವಿಯಿಂದ ಕ್ಲೋರಿನ್ ಯಂತ್ರವೇ ಇಲ್ಲದೆ ಊರಿಗೆ ನೀರು ಹರಿಯಿತು.

ಮೇ ೧೫ರಂದು ತೆಗೆದ ಮಾದರಿಗಳು ಕಲುಷಿತವಾಗಿವೆಯೆಂಬ ವರದಿಯನ್ನು ಖಾಸಗಿ ಪ್ರಯೋಗಶಾಲೆಯು ೧೭ರಂದು ವ್ಯವಸ್ಥಾಪಕರಿಗೆ ಕಳುಹಿಸಿತು. ೧೯೯೬ರಲ್ಲಿ ಸರ್ಕಾರಿ ಪ್ರಯೋಗಶಾಲೆಗಳು ಊರುಗಳ ನೀರನ್ನು ಪರೀಕ್ಷಿಸುವುದನ್ನು ನಿಲ್ಲಿಸಿದ್ದವು. ಕೆಟ್ಟ ಫಲಿತಾಂಶವನ್ನು ಆರೋಗ್ಯಾಧಿಕಾರಿಗೆ ತಿಳಿಸಲೇಬೇಕೆಂಬ ಕಾನೂನು ಖಾಸಗಿಯವರಿಗೆ ಇರಲಿಲ್ಲ. ಮೇ ೧೮ರ ಹೊತ್ತಿಗೆ ರಕ್ತಭೇದಿಯಿಂದ ಮಕ್ಕಳು ಆಸ್ಪತ್ರೆಯನ್ನು ಸೇರತೊಡಗಿದ್ದರು. ಸಂದೇಹಗೊಂಡ ಮಕ್ಕಳ ವೈದ್ಯರೊಬ್ಬರು ಮರುದಿನ ಆರೋಗ್ಯ ಕಚೇರಿಗೆ ತಿಳಿಸಿದರು. ಅಲ್ಲಿಯವರು ವಿಚಾರಿಸಿದಾಗ, ನೀರು ಸರಿಯಾಗಿದೆಯೆಂದು ವ್ಯವಸ್ಥಾಪಕರು ಉತ್ತರಿಸಿದರು. ಎರಡು ದಿನ ಹಿಂದಿನ ವರದಿಯ ವಿಷಯವನ್ನು ಹೇಳಲಿಲ್ಲ. ಆ ಉತ್ತರವನ್ನು ಕೊಟ್ಟ ಬಳಿಕ ಅವರು ಕೊಳವೆಗಳನ್ನು ತೊಳೆದು ಹೆಚ್ಚು ಕ್ಲೋರಿನ್ ಹರಿಸತೊಡಗಿದರು. ಅಪಾಯದ ಅರಿವು ಅವರಿಗೆ ಉಂಟಾಗಿದ್ದಿತು, ಆದರೆ ಆಗ ವೇಳೆ ಮೀರಿದ್ದಿತು.

ಮೇ ೨೧ರಂದು ಆರೋಗ್ಯಾಧಿಕಾರಿಗಳು ಇತರರ ಮಾತಿಗೆ ಕಾಯದೆ, ನೀರನ್ನು ಕುದಿಸಿಯೇ ಕುಡಿಯಬೇಕೆಂದು ಪ್ರಕಟಣೆ ಹೊರಡಿಸಿದರು. ೨೨ರಂದು ಮೊದಲ ಸಾವು ಸಂಭವಿಸಿತು. ಆರೋಗ್ಯ ಕಚೇರಿಯವರೇ ತೆಗೆದ ಮಾದರಿಗಳಲ್ಲಿ ಈ. ಕೋಲೈ ಇದ್ದುದು ೨೩ರಂದು ಖಚಿತವಾಯಿತು. ಒಟ್ಟಿನಲ್ಲಿ ಏಳು ಮಂದಿ ಸತ್ತರು. ೨,೩೦೦ಕ್ಕೂ ಮಿಕ್ಕಿ ಜನ ಕಾಯಿಲೆ ಬಿದ್ದರು. ಆಸ್ಪತ್ರೆಗೆ ಸೇರಿದ ೬೫ ಮಂದಿಯಲ್ಲಿ ೨೭ ಮಂದಿಗೆ ಮೂತ್ರಪಿಂಡಗಳು ಕೆಡುವ ಗಂಭೀರ ವ್ಯಾಧಿ ತಗುಲಿತು. ಅವರಲ್ಲಿ ಬಹಳ ಮಂದಿ ಎಳೆಯ ಮಕ್ಕಳು. ಊರಿನ ಹೆಚ್ಚು ಕಡಿಮೆ ಅರ್ಧದಷ್ಟು ಜನಕ್ಕೆ ತಮ್ಮ ಮನೆಯ ನಲ್ಲಿಯಿಂದಲೇ ರೋಗ ಬಂದಿತೆಂದರೆ ಆ ದಿನಗಳ ಭೀತಿಯನ್ನು ಊಹಿಸಿಕೊಳ್ಳಬಹುದು.

೬

ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣಾ ಆಯೋಗವು ೨೦೦೨ರ ಜನವರಿ ಮತ್ತು ಮೇ ತಿಂಗಳುಗಳಲ್ಲಿ ಎರಡು ಭಾಗಗಳಾಗಿ ತನ್ನ ವರದಿಯನ್ನು ಕೊಟ್ಟಿತು. ಶಿಫಾರಸುಗಳ ಒಟ್ಟು ಸಂಖ್ಯೆ ೧೨೧. ವರದಿಯ ಹಿರಿಮೆಯಿರುವುದು ಅದು ದೋಷವನ್ನು ಒಬ್ಬರ ತಲೆಗೆ ಕಟ್ಟದಿರುವುದರಲ್ಲಿ. ಸತತವಾಗಿ ಅಳೆಯುವ ಯಂತ್ರಗಳು ಐದನೆಯ ಬಾವಿಯಲ್ಲಿದ್ದಿದ್ದರೆ ದುರಂತವೇ ನಡೆಯುತ್ತಿರಲಿಲ್ಲ. ಯಂತ್ರಗಳಿಲ್ಲದಿದ್ದರೂ ಪ್ರತಿದಿನ ಕೈಯಿಂದ ಅಳೆದಿದ್ದರೆ ಅದರ ವ್ಯಾಪ್ತಿ ಬಹಳಮಟ್ಟಿಗೆ ಕುಗ್ಗುತ್ತಿದ್ದಿತು. ಇದು ಆಯೋಗದ ನಿರ್ಣಯ. ಖಾತೆಯ ತನಿಖೆಯ ಸಡಿಲತೆಯನ್ನೂ ಸರ್ಕಾರದ ವೆಚ್ಚ ಕಡಿತದ ಪರಿಣಾಮವನ್ನೂ ವರದಿ ಎತ್ತಿ ತೋರಿಸಿತು. ಸೋದರರಿಬ್ಬರೂ ೨೦೦೪ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡು ಶಿಕ್ಷೆಗೆ ಒಳಗಾದರು.

ಪ್ರಕೃತ ವಿಷಯಕ್ಕೆ ಸಂಬಂಧಿಸಿದಂತೆ ಮುಂದಿನ ಬೆಳವಣಿಗೆಗಳು ಮೂರು. ಮೊದಲನೆಯದಾಗಿ, ಪರೀಕ್ಷೆಯಿಲ್ಲದೆ ಪತ್ರ ಪಡೆದ ಹಳಬರೆಲ್ಲರೂ ಗೊತ್ತಾದ ಅವಧಿಯೊಳಗೆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ಆಯೋಗ ಹೇಳಿತು. ೨೦೦೪ರ ನಿಯಮಾವಳಿಯಲ್ಲಿ ಈ ತತ್ತ್ವ ಸ್ಥಾನ ಪಡೆಯಿತು. ಎರಡನೆಯದಾಗಿ, ಅದೇ ವರ್ಷ ವಾಕರ್ಟನ್ನಿನಲ್ಲಿಯೇ ನಿರ್ವಾಹಕರ ತರಬೇತಿಯ ಕೇಂದ್ರವೊಂದು ಸ್ಥಾಪಿತವಾಯಿತು. ದೂರದ ಸಣ್ಣ ಊರುಗಳ ನೌಕರರಿಗೆ ತಲುಪುವುದು ಅದರ ಮುಖ್ಯ ಗುರಿಗಳಲ್ಲಿ ಒಂದು. ಮೂರನೆಯದು ಎಲ್ಲಕ್ಕಿಂತ ಹೊಸದು. ೨೦೦೨ರ ಸುರಕ್ಷಿತ ಕುಡಿಯುವ ನೀರಿನ ಶಾಸನದ ೧೯ನೆಯ ವಿಧಿಯು, ನೀರಿನ ವ್ಯವಸ್ಥೆಯ ಮೇಲೆ ಅಧಿಕಾರವುಳ್ಳ ಪುರಸಭೆಯ ಸದಸ್ಯರೇ ಮೊದಲಾದವರು ವಿವೇಕವುಳ್ಳ ಮನುಷ್ಯನು ತೋರುವಷ್ಟು ಎಚ್ಚರವನ್ನು ತೋರತಕ್ಕದ್ದೆಂದು ವಿಧಿಸಿ, ತಪ್ಪಿದರೆ ಅವರೇ ಹೊಣೆಗಾರರೆಂದು ಸಾರಿತು. ಈ ವಿಧಿ ೨೦೧೨ರ ವರ್ಷಾಂತ್ಯದಲ್ಲಿ ಜಾರಿಗೆ ಬಂದಿತು. ಅಂದರೆ ದುರಂತ ನಡೆದು ಹನ್ನೆರಡು ವರ್ಷಗಳ ಮೇಲೆ, ಸದಸ್ಯನ ತಿಳಿಯದಿರುವಿಕೆ ನೆವವಾಗಿ ಉಳಿಯಲಿಲ್ಲ. ಸದಸ್ಯರಿಗೆ ಈ ಹೊಣೆಯ ಅರ್ಥವನ್ನು ತಿಳಿಸುವ ಶಿಬಿರಗಳನ್ನು ಮೇಲ್ಕಂಡ ಕೇಂದ್ರವೇ ನಡೆಸತೊಡಗಿತು.

ನೆರೆಯ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದೇ ವಿಚಾರ ಬೇರೊಂದು ದಾರಿಯಿಂದ ಬಂದಿದ್ದಿತು. ೧೯೭೪ರ ಸುರಕ್ಷಿತ ಕುಡಿಯುವ ನೀರಿನ ಶಾಸನವು ನೀರಿನ ಗುಣಕ್ಕೆ ಅಳತೆಗಳನ್ನು ಗೊತ್ತುಮಾಡಿತೇ ಹೊರತು, ಆ ಅಳತೆಗಳನ್ನು ಸಾಧಿಸಬೇಕಾದ ಸಣ್ಣ ಊರಿನ ನೌಕರನನ್ನು ಕುರಿತು ಹೆಚ್ಚು ಯೋಚಿಸಲಿಲ್ಲ. ಊರಿಂದೂರಿಗೆ ಸಂಚರಿಸಿ ಸ್ಥಳದಲ್ಲಿಯೇ ಕೆಲಸ ಕಲಿಸುವ ಸಂಚಾರಿ ಶಿಕ್ಷಕರ ಪದ್ಧತಿ ಗ್ರಾಮೀಣ ನೀರಿನ ಸಂಘಗಳ ಮೂಲಕ ಅನಂತರ ಬೆಳೆಯಿತು. ೧೯೯೬ರ ತಿದ್ದುಪಡಿಯು ನಿರ್ವಾಹಕರ ಅರ್ಹತೆಗೆ ರಾಷ್ಟ್ರೀಯ ಮಾರ್ಗಸೂಚಿ ಬೇಕೆಂದಿತು. ೧೯೯೯ರಲ್ಲಿ ಅದು ಪ್ರಕಟವಾಯಿತು. ಅದನ್ನು ಅನುಸರಿಸದ ಸಂಸ್ಥಾನಕ್ಕೆ ಕೇಂದ್ರದಿಂದ ಬರುವ ನೀರಿನ ನಿಧಿಯಲ್ಲಿ ಶೇಕಡ ೨೦ರಷ್ಟನ್ನು ತಡೆಹಿಡಿಯಬಹುದಾಗಿತ್ತು. ಮಂಡಲಿಯ ಸದಸ್ಯರ ವಿಷಯದಲ್ಲಿ ಮಿಸಿಸಿಪ್ಪಿ ಸಂಸ್ಥಾನ ಮುಂದಾಳುವಾಯಿತು. ಸಣ್ಣ ನೀರಿನ ವ್ಯವಸ್ಥೆಗಳ ಮಂಡಲಿಗೆ ಹೊಸದಾಗಿ ಆಯ್ಕೆಯಾದವರು ಎಂಟು ಗಂಟೆಗಳ ಶಿಕ್ಷಣವನ್ನು ಪಡೆಯಲೇಬೇಕೆಂದು ಅದು ೧೯೯೭ರಲ್ಲಿ ಶಾಸನ ಮಾಡಿತು. ಎಂಟು ಗಂಟೆಗಳು ಅಲ್ಪವೆಂದು ತೋರಬಹುದು. ಆದರೆ ೧೯೯೮ರ ವರದಿಯನ್ನು ಕೈಯಲ್ಲಿ ಹಿಡಿದು ಕುಳಿತ ವಾಕರ್ಟನ್ನಿನ ಸದಸ್ಯರಿಗೆ ಅದರ ಕಾಲುಪಾಲು ಶಿಕ್ಷಣ ದೊರೆತಿದ್ದರೂ ಚರಿತ್ರೆ ಬೇರೆಯಾಗಬಹುದಾಗಿತ್ತು.

ಯಂತ್ರಗಳು ಬಂದ ಮೇಲೆ ಶಿಕ್ಷಣದ ಅಗತ್ಯ ಕುಗ್ಗಿತೆಂಬ ಅಭಿಪ್ರಾಯವೂ ಉಂಟು. ವಾಕರ್ಟನ್ನಿನ ಮರುವರ್ಷವೇ, ಅಂದರೆ ೨೦೦೧ರಲ್ಲಿ, ಸಸ್ಕಾಚೆವಾನ್ ಪ್ರಾಂತದ ನಾರ್ತ್ ಬ್ಯಾಟಲ್‌ಫರ್ಡ್ ಎಂಬ ಇನ್ನೂ ದೊಡ್ಡ ಊರಿನಲ್ಲಿ, ಕ್ಲೋರಿನ್ನಿಗೆ ಬಗ್ಗದ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಸೂಕ್ಷ್ಮಜೀವಿ ನೀರಿನಲ್ಲಿ ಸೇರಿ ಸಾವಿರಾರು ಜನ ಕಾಯಿಲೆ ಬಿದ್ದರು. ಶುದ್ಧೀಕರಣದ ಒಂದು ಘಟಕವನ್ನು ದುರಸ್ತಿ ಮಾಡಿದ ಬಳಿಕ ಅದು ಸರಿಯಾಗಿ ಕೆಲಸ ಮಾಡದೆ ಇದ್ದುದೇ ಅಲ್ಲಿ ಮುಖ್ಯ ಕಾರಣ. ಯಂತ್ರವು ಅಳೆಯಬಲ್ಲದು, ಅಳತೆಯ ಅರ್ಥವನ್ನು ಗ್ರಹಿಸಿ ಪಂಪನ್ನು ನಿಲ್ಲಿಸುವ ನಿರ್ಧಾರ ಮನುಷ್ಯನದು.

೭

ಕಡಲಾಚೆಯ ಈ ವೃತ್ತಾಂತ ಕರ್ನಾಟಕದ ವಾಚಕರಿಗೆ ಏತಕ್ಕೆ ಬೇಕೆಂದು ಕೇಳಬಹುದು. ನಮ್ಮ ಹಳೆಯ ಕೆರೆಗಳ ವ್ಯವಸ್ಥೆಯಲ್ಲಿ ನೀರುಗಂಟಿಯೆಂಬ ಸ್ಥಾನವಿದ್ದಿತು. ತೂಬನ್ನು ಎತ್ತುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಅವನ ವಿದ್ಯೆ ಮನೆತನದಲ್ಲಿ ಬಂದುದು. ಅದಕ್ಕೆ ಊರಿನ ಸಮ್ಮತಿಯೂ ಪ್ರತಿಫಲವೂ ಇದ್ದವು. ಅವನು ತಪ್ಪಿದರೆ ಗದ್ದೆ ಒಣಗುತ್ತಿದ್ದಿತು, ಎಲ್ಲರಿಗೂ ಕಾಣುತ್ತಿದ್ದಿತು. ಕೊಳವೆ ಬಾವಿ, ಮೇಲ್ತೊಟ್ಟಿ, ನಲ್ಲಿಗಳು ಬಂದ ಮೇಲೆ ಗ್ರಾಮ ಪಂಚಾಯತಿಯ ನೀರು ಬಿಡುವ ನೌಕರನನ್ನು ಜನ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಹೆಸರು ಅದೇ, ಕೆಲಸ ಮಾತ್ರ ಬೇರೆ. ಇಂದಿನ ನೀರುಗಂಟಿಯ ತಪ್ಪು ಕಣ್ಣಿಗೆ ಕಾಣುವಂಥದಲ್ಲ. ತೇವ ತಗುಲಿ ಹಳತಾದ ಬ್ಲೀಚಿಂಗ್ ಪುಡಿ ಶಕ್ತಿಗುಂದಿರುತ್ತದೆ. ಅಂಥ ಪುಡಿಯನ್ನು ಅಳತೆಯಿಲ್ಲದೆ ತೊಟ್ಟಿಗೆ ಸುರಿದರೆ ಕ್ಲೋರಿನ್ ಹಾಕಿದಂತೆ ತೋರುತ್ತದೆ, ಶೇಷ ಉಳಿದಿರುವುದಿಲ್ಲ. ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಮ್ ಶೇಷವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಈ ಅಂಕಿಯ ಅರ್ಥ ಆ ನೌಕರನಿಗೆ ತಿಳಿದಿದೆಯೇ ಎಂಬುದೇ ಪ್ರಶ್ನೆ.

೧೯೯೩ರ ಪಂಚಾಯತ್ ರಾಜ್ ಶಾಸನದ ಬಳಿಕ ಊರಿನ ನೀರಿನ ಹೊಣೆ ಆಯ್ಕೆಯಾದ ಸದಸ್ಯರ ಮೇಲೆ ಹೆಚ್ಚಾಗಿ ಬಿದ್ದಿತು. ೨೦೧೯ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯು ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಗಳಿಗೆ ವ್ಯವಸ್ಥೆಯನ್ನು ನಡೆಸುವ ಕಾರ್ಯವನ್ನು ಒಪ್ಪಿಸಿ, ಪ್ರತಿ ಗ್ರಾಮದಲ್ಲಿಯೂ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ಪೆಟ್ಟಿಗೆಯನ್ನು ಬಳಸಲು ಕಲಿಸಬೇಕೆಂದು ಗುರಿಯಿಟ್ಟಿತು. ನೀರನ್ನು ಕುಡಿಯುವವರೇ ಅಳೆಯಲು ಕಲಿಯಬೇಕೆಂಬ ಈ ವಿಚಾರ ಶ್ಲಾಘ್ಯವಾದುದು. ಆದರೆ ವಾಕರ್ಟನ್ನಿನ ಚರಿತ್ರೆ ಒಂದು ಎಚ್ಚರಿಕೆಯನ್ನೂ ಹೇಳುತ್ತದೆ. ತರಬೇತಿ ಪಡೆದವರ ಸಂಖ್ಯೆಯೂ ಹಂಚಿದ ಪತ್ರಗಳ ಸಂಖ್ಯೆಯೂ ಕಲಿಕೆಯ ಅಳತೆಯಲ್ಲ. ೨೦೨೩ರ ಆಗಸ್ಟ್ ತಿಂಗಳಿನ ಸುಮಾರಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರನ್ನು ಕುಡಿದು ಅನೇಕರು ಅಸ್ವಸ್ಥರಾಗಿ ಜೀವಹಾನಿಯೂ ಸಂಭವಿಸಿತೆಂಬುದನ್ನು ನೆನೆದರೆ, ಇದು ದೂರದ ದೇಶದ ಕಥೆಯೆಂದು ಸುಮ್ಮನಿರುವಂತಿಲ್ಲ.

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ನಿರ್ವಾಹಕನಿಗೆ ಬೇಕಾದ ಶಿಕ್ಷಣದ ತಿರುಳು ವಾಲ್ವನ್ನು ತಿರುಗಿಸುವ ಕೌಶಲವಲ್ಲ. ಅದನ್ನು ಅವನು ಬೇಗನೆ ಕಲಿಯುತ್ತಾನೆ. ತಾನು ಬರೆಯುವ ಅಂಕಿ ಏನನ್ನು ಹೇಳುತ್ತದೆ, ಅದು ಕುಗ್ಗಿದಾಗ ಯಾರಿಗೆ ಏನಾಗಬಹುದು ಎಂಬ ತಿಳಿವಳಿಕೆಯೇ ಆ ತಿರುಳು. ಸದಸ್ಯರ ಶಿಕ್ಷಣವೆಂದರೆ ಅವರನ್ನು ಅರೆ ಎಂಜಿನಿಯರುಗಳನ್ನಾಗಿ ಮಾಡುವುದಲ್ಲ; ಸರಿಯಾದ ಪ್ರಶ್ನೆಯನ್ನು ಕೇಳಲು ಅವರನ್ನು ಸಿದ್ಧಗೊಳಿಸುವುದು. ಈ ತಿಂಗಳು ಶೇಷ ಕ್ಲೋರಿನ್ ಎಷ್ಟೆಷ್ಟಿದ್ದಿತು? ಅದನ್ನು ಯಾರು, ಊರಿನ ಯಾವ ತುದಿಯ ನಲ್ಲಿಯಲ್ಲಿ ಅಳೆದರು? ಕಡಿಮೆಯಾದ ದಿನ ಏನು ಮಾಡಲಾಯಿತು? ಈ ಮೂರು ಪ್ರಶ್ನೆಗಳನ್ನು ಪ್ರತಿ ಸಭೆಯಲ್ಲಿಯೂ ಕೇಳಿ ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಸಲು ಹೆಚ್ಚಿನ ಹಣವೇನೂ ಬೇಕಾಗುವುದಿಲ್ಲ. ವಾಕರ್ಟನ್ನಿನ ಮಂಡಲಿಯ ಸಭೆಗಳಲ್ಲಿ ೧೯೯೮ರಿಂದ ೨೦೦೦ದವರೆಗೆ ಅವುಗಳನ್ನು ಯಾರೂ ಕೇಳಲಿಲ್ಲ.